ಮೊದಲೇ ಗೊತ್ತಿದ್ದ ಸಂಗತಿಗಳು

ನವೆಂಬರ್ ೩, ಸೋಮವಾರ

ಸ್ವಂತ ಆಫೀಸು ತೆರೆದು ಇವತ್ತಿಗೆ ಎರಡು ತಿಂಗಳು ಎರಡು ದಿನ. ಈ ಅವಧಿಯಲ್ಲಿ ವಕೀಲೆ ಭಾಗ್ಯಶ್ರೀಯವರು, ಅಂದರೆ ನಾನು, ಬರೆದದ್ದು ಬಾಡಿಗೆ ಕರಾರು ಒಂಬತ್ತು, ಹೆಸರು ಬದಲಾವಣೆಯ ಅಫಿಡವಿಟ್ಟು ನಾಲ್ಕು, ಕೆಳಗಿನ ಬೇಕರಿಯವರಿಗೆ "ಇಲ್ಲಿ ಗಾಡಿ ನಿಲ್ಲಿಸಬಾರದು" ಎಂಬ ಬೋರ್ಡು ಒಂದು. ಬೋರ್ಡಿಗೆ ಫೀ ಬದಲು ಖಾರಾ ಬ್ರೆಡ್ಡು ಕೊಟ್ಟರು. ಹುಬ್ಬಳ್ಳಿಯ ಇಡೀ ಕೇಶ್ವಾಪುರದಲ್ಲಿ ನನ್ನ ಕಾನೂನು ಜ್ಞಾನವನ್ನು ದಿನಾ ಓದುವವರು ಆ ಬೋರ್ಡಿನ ಕೆಳಗೆ ಗಾಡಿ ನಿಲ್ಲಿಸುವವರು ಮಾತ್ರ.

ಹಳೆಯ ಚೇಂಬರ್ ಬಿಟ್ಟು ಬರುವಾಗ ನನ್ನ ಸೀನಿಯರ್ ಸಿದ್ದಲಿಂಗಪ್ಪ ಸರ್ ಫೈಲಿನಿಂದ ತಲೆ ಕೂಡ ಎತ್ತಲಿಲ್ಲ. "ಹೋಗವ್ವಾ, ಹೋಗು. ಮೂರು ತಿಂಗಳಾಗ ತಿರುಗಿ ಬರ್ತೀ. ನಿನ್ನ ಕುರ್ಚಿ ಹಂಗ ಇಟ್ಟಿರ್ತೇನಿ," ಅಂದರು. ಆರು ವರ್ಷ ಅವರ ಕರಾರುಗಳನ್ನೆಲ್ಲ ಬರೆದವಳು ನಾನು, ಕೆಳಗೆ ಸಹಿ ಮಾಡಿದವರು ಅವರು. ಅದಕ್ಕೇ ಬಿಟ್ಟು ಬಂದೆ. ಬಿಟ್ಟ ಮೇಲೆ ಏನು ಎಂದು ಮಾತ್ರ ಯೋಚಿಸಿರಲಿಲ್ಲ. ಅವರು ಹೇಳಿದ ಗಡುವು ಡಿಸೆಂಬರ್ ಒಂದು. ಇನ್ನು ಇಪ್ಪತ್ತೆಂಟು ದಿನ.

ಆದರೆ ಇವತ್ತು ನಿಜವಾದ ಕಕ್ಷಿದಾರರು ಬಂದರು! ಗಬ್ಬೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಕಾಸಿಮಸಾಬ ಚಾಚಾ, ಜೊತೆಗೆ ಅವರ ಹೆಂಡತಿ ರಸೂಲಬಿ. ಮೆಟ್ಟಿಲು ಹತ್ತಿ ಬಂದವರು ಮೊದಲು ಬಾಗಿಲು ಮುಚ್ಚಿದರು. ಆಮೇಲೆ ಕಿಟಕಿ. ಆಮೇಲೆ ಫ್ಯಾನು ಜೋರಾಗಿ ಹಾಕಿ ಅಂದರು, ಮಾತು ಬೇಕರಿಗೆ ಕೇಳಬಾರದಂತೆ.

ವಿಷಯ ಇಷ್ಟು. ಚಾಚಾ ಏಳು ವರ್ಷ ಒದ್ದಾಡಿ ಒಂದು ಯಂತ್ರ ಕಟ್ಟಿದ್ದಾರೆ. ಒಣ ಮೆಣಸಿನಕಾಯಿ ಹಾಕಿದರೆ ಕಾಯಿ ಒಡೆಯದಂತೆ ತೊಟ್ಟು ಮಾತ್ರ ಮುರಿದು ಕೊಡುತ್ತದೆ. ಎಪಿಎಂಸಿಯ ವ್ಯಾಪಾರಸ್ಥ ಕುಬೇರಪ್ಪನವರು ಇಂಥ ಐವತ್ತು ಯಂತ್ರ ಮಾಡಿಸಲು ಬಂಡವಾಳ ಹಾಕುತ್ತಾರಂತೆ, ಆದರೆ ಒಳಗೆ ಏನಿದೆ ಎಂದು ಮೊದಲು ನೋಡಬೇಕಂತೆ. ನೋಡುವುದಾದರೆ ಯಾರಿಗೂ ಹೇಳುವುದಿಲ್ಲ, ನಮ್ಮನ್ನು ಬಿಟ್ಟು ತಾನೇ ಮಾಡಿಕೊಳ್ಳುವುದಿಲ್ಲ ಎಂದು ಬರೆದುಕೊಡಲಿ ಅನ್ನುತ್ತಾರೆ ಇವರು. ಪೇಟೆಂಟ್ ಆಗುವ ತನಕ ಕಾಯಿರಿ ಎಂದೆ. ಅಷ್ಟರಲ್ಲಿ ಹಂಗಾಮು ಮುಗಿದು ಕುಬೇರಪ್ಪನವರ ಮನಸ್ಸೂ ಮುಗಿದಿರುತ್ತದಂತೆ.

"ಒಳಗಿನ ಗುಟ್ಟು ಭಾಳ ಸಣ್ಣದೈತ್ರಿ ಅಕ್ಕಾರ," ಅಂದರು ಚಾಚಾ. "ಒಮ್ಮೆ ನೋಡಿದ್ರ ಮುಗೀತು. ಸಾಲಿ ಹುಡುಗ್ರೂ ಮಾಡ್ತಾವ."

ಅಂದರೆ ಆ ಮನುಷ್ಯರ ಏಳು ವರ್ಷ ನಾನು ಬರೆಯುವ ಒಂದು ಕಾಗದದ ಮೇಲೆ ನಿಂತಿದೆ. ನನಗೆ ಹೆದರಿಕೆಯಾಯಿತು. ಹೊರಗೆ ಮಾತ್ರ ಸರ್ ಹಾಗೆ ಪೆನ್ನು ತಿರುಗಿಸುತ್ತ, "ನೋಡೋಣ, ನೋಡೋಣ," ಅಂದೆ.

ನವೆಂಬರ್ ೫, ಬುಧವಾರ

ಸರ್ ಅವರ ಹಳೆಯ ಗೌಪ್ಯತಾ ಕರಾರು ನನ್ನ ಪೆನ್‌ಡ್ರೈವಿನಲ್ಲಿತ್ತು. ಎರಡೂ ಕಡೆಯವರು ಕನ್ನಡದಲ್ಲೇ ಬೇಕು ಎಂದದ್ದಕ್ಕೆ ಇಡೀ ದಿನ ಕೂತು ಕನ್ನಡಕ್ಕೆ ತಂದೆ. ಮಜಾ ಏನೆಂದರೆ, ಗುಟ್ಟು ಕಾಪಾಡಬೇಕು ಎಂಬುದು ಮೂರು ಸಾಲು. ಯಾವ ಸಂಗತಿಯನ್ನು ಕಾಪಾಡಬೇಕಾಗಿಲ್ಲ ಎಂಬ ವಿನಾಯಿತಿಗಳು ಒಂದೂವರೆ ಪುಟ. ಊರಿಗೆಲ್ಲ ಗೊತ್ತಿರುವುದು ಗುಟ್ಟಲ್ಲ. ನೋಡುವವರಿಗೆ ಮೊದಲೇ ಗೊತ್ತಿದ್ದುದು ಗುಟ್ಟಲ್ಲ. ಇನ್ನೊಬ್ಬರು ನ್ಯಾಯವಾಗಿ ತಿಳಿಸಿದ್ದು ಗುಟ್ಟಲ್ಲ. ಕೋರ್ಟು ಕೇಳಿದರೆ ಹೇಳಲೇಬೇಕು. ಸರ್ ಯಾವಾಗಲೂ ಹೇಳುತ್ತಿದ್ದರು, ಕರಾರಿನ ಜೀವ ವಿನಾಯಿತಿಯಲ್ಲಿರುತ್ತದೆ ಎಂದು. ಸರ್ ಹೇಳಿದ ಮೇಲೆ ಮುಗಿಯಿತು.

ಸಂಜೆ ಕುಬೇರಪ್ಪನವರು ಬಂದರು. ಹಣೆತುಂಬ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ. ತಮ್ಮ ವಕೀಲರನ್ನು ಕರೆತರಲಿಲ್ಲವೇ ಎಂದು ಕೇಳಿದೆ. ಕಾಯದೆ ತಮಗೆ ಗೊತ್ತಿದೆ ಅಂದರು. ಕರಡು ಓದಿ ಹೇಳತೊಡಗಿದೆ. "ಐದನೇ ಕಲಮು, ವಿನಾಯಿತಿಗಳು" ಅನ್ನುವಷ್ಟರಲ್ಲಿ ಕಣ್ಣು ಅರಳಿಸಿ ಮುಂದೆ ಬಾಗಿದರು.

"ವಿನಾಯಿತಿ ಎಷ್ಟು ಪರ್ಸೆಂಟ್ ತಂಗೀ?"

ಅದು ರಿಯಾಯಿತಿ ಕಾಕಾರ, ಇದು ವಿನಾಯಿತಿ, ಎಂದು ಬಿಡಿಸಿ ಹೇಳಿದೆ. ಅವರು ಒಂದು ಕ್ಷಣವೂ ನಾಚಲಿಲ್ಲ. "ಗೊತ್ತೈತಿ, ಗೊತ್ತೈತಿ. ನಿನಗ ಗೊತ್ತೈತೇನಂತ ನೋಡಿದೆ," ಅಂದರು.

ನವೆಂಬರ್ ೮, ಶನಿವಾರ

ಗಬ್ಬೂರಿಗೆ ಹೋಗಿದ್ದೆ. ಊರಿಗೆಲ್ಲ ಗೊತ್ತಿರುವುದು ಗುಟ್ಟಲ್ಲ ಎಂಬ ವಿನಾಯಿತಿ ಇದೆಯಲ್ಲ, ಅದರ ಗತಿ ನೋಡಬೇಕಿತ್ತು. ಚಾಚಾನ ಶೆಡ್ಡು ಬೈಪಾಸಿಗೆ ಬಾಯಿ ತೆರೆದುಕೊಂಡು ನಿಂತಿದೆ. ಲಾರಿ ಚಾಲಕರು, ಪಂಪು ಹೊತ್ತು ತಂದ ರೈತರು, ದಾರಿಹೋಕರು, ಎಲ್ಲರೂ ಒಳಗೆ ಬಂದು ಚಹಾ ಕುಡಿಯುತ್ತಾರೆ. ಚಾಚಾ ಎಲ್ಲರಿಗೂ ಯಂತ್ರ ತೋರಿಸುತ್ತಾರೆ! ನಾನು ತಲೆಯ ಮೇಲೆ ಕೈ ಹೊತ್ತು ಕೂತೆ.

ರಸೂಲಬಿ ಚಾಚಿ ನನ್ನ ಮುಖ ನೋಡಿ ನಕ್ಕರು. ತೋರಿಸುವುದು ಹೊರಗಿನ ಡಬ್ಬಿ ಮಾತ್ರ. ಒಳಭಾಗಕ್ಕೆ ಅವರು ತಗಡು ಹೊಡೆಸಿ, ಅದಕ್ಕೆ ಬೀಗ ಹಾಕಿ, ಕೀಲಿಯನ್ನು ತಮ್ಮ ಹತ್ತಿರ ಇಟ್ಟುಕೊಂಡಿದ್ದಾರೆ. ಗಂಡನಿಗೇ ಬೇಕಾದರೂ ಕೇಳಿ ಪಡೆಯಬೇಕು. ಈ ಮನೆಯಲ್ಲಿ ನನಗಿಂತ ಒಳ್ಳೆಯ ವಕೀಲರಿದ್ದಾರೆ.

ಚಹಾ ಕೊಡುವಾಗ ಅವರ ಬೆರಳು ನೋಡಿದೆ. ತುದಿಯಲ್ಲಿ ಚರ್ಮ ನುಣ್ಣಗೆ, ಗೆರೆಗಳೇ ಇಲ್ಲ. ಹದಿನೈದು ವರ್ಷ ಗೋದಾಮುಗಳಲ್ಲಿ ಕೂತು ಕೈಯಿಂದ ತೊಟ್ಟು ಮುರಿದವರು. ಊಟಕ್ಕೆ ಕೂತರೆ ಉರಿಯಿಂದ ತುತ್ತು ಹಿಡಿಯಲಾಗದೆ ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದರಂತೆ. ಅದನ್ನು ನೋಡಲಾಗದೆ ಚಾಚಾ ಯಂತ್ರ ಕಟ್ಟಲು ಶುರು ಮಾಡಿದ್ದು. ಯಾವ ಕಾಯಿ ಎಲ್ಲಿ ಮುರಿಯುತ್ತದೆ, ಎಷ್ಟು ಒತ್ತಿದರೆ ಒಡೆಯುತ್ತದೆ ಎಂಬುದೆಲ್ಲ ಚಾಚಿಯ ಬೆರಳಿಗೆ ಗೊತ್ತಿದ್ದದ್ದು. ಕರಾರಿನಲ್ಲಿ ಗುಟ್ಟಿನ ಒಡೆಯರು ಎಂಬಲ್ಲಿ ಕಾಸಿಮಸಾಬ ಎಂದಷ್ಟೇ ಬರೆದಿದ್ದೆ. ಅಲ್ಲೇ ಪೆನ್ನಿನಲ್ಲಿ "ಮತ್ತು ರಸೂಲಬಿ" ಎಂದು ಸೇರಿಸಿದೆ. ಚಾಚಾ "ಖರೇ ಐತಿ" ಅಂದರು. ಚಾಚಿ ನನಗೆ ಇನ್ನೊಂದು ಕಪ್ ಚಹಾ ಕೊಟ್ಟರು.

ನವೆಂಬರ್ ೧೧, ಮಂಗಳವಾರ

ಕುಬೇರಪ್ಪನವರು ತಮ್ಮ ವಿನಾಯಿತಿಗಳ ಪಟ್ಟಿಯೊಂದಿಗೆ ಬಂದರು. ಮೊದಲನೆಯದು, ಹೆಂಡತಿ ಸಂಗವ್ವನವರಿಗೆ ಹೇಳಲು ಬಿಡಬೇಕು. ಹೇಳದಿದ್ದರೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲವಂತೆ. ನಲವತ್ತು ವರ್ಷದಿಂದ ದಿನದ ವ್ಯಾಪಾರವನ್ನೆಲ್ಲ ಊಟದ ಹೊತ್ತಿಗೆ ಒಪ್ಪಿಸುವುದು ರೂಢಿ. ನ್ಯಾಯವಾದ ಬೇಡಿಕೆಯೇ. ಕರಾರುಗಳಲ್ಲಿ ಲೆಕ್ಕಿಗರಿಗೆ, ವಕೀಲರಿಗೆ ಹೇಳಬಹುದು ಎಂದಿರುತ್ತದೆ, ಹೆಂಡತಿ ಯಾವ ಲೆಕ್ಕಿಗರಿಗೆ ಕಡಿಮೆ? ಹೇಳಬಹುದು, ಆದರೆ ಅವರೂ ಕರಾರು ಪೂರ್ತಿ ಓದಿ ಸಹಿ ಮಾಡಬೇಕು ಎಂದು ಬರೆದೆ.

ಎರಡನೆಯದು, ಮಠದ ಅಜ್ಜಾರ, ಅಂದರೆ ಸ್ವಾಮಿಗಳ, ಮುಂದೆ ಏನನ್ನೂ ಮುಚ್ಚಿಡಬಾರದಂತೆ, ಮುಚ್ಚಿಟ್ಟರೆ ಪಾಪವಂತೆ. ಇದಕ್ಕೆ ಒಂದು ತಾಸು ಹಿಡಿಯಿತು. ಅಜ್ಜಾರು ಯಾರಿಗೂ ಹೇಳುವುದಿಲ್ಲ, ಸರಿ, ಆದರೆ ಅವರ ಸುತ್ತ ಕೂತ ಇನ್ನೂರು ಭಕ್ತರು? ಕೊನೆಗೆ "ಪೂಜೆಯ ವೇಳೆ ಇಷ್ಟಲಿಂಗದ ಮುಂದೆ ಮನಸ್ಸಿನಲ್ಲಿಯೇ, ಬಾಯಿ ತೆರೆಯದೆ ಹೇಳಿಕೊಳ್ಳುವುದು ಕರಾರಿನ ಉಲ್ಲಂಘನೆಯಲ್ಲ" ಎಂದು ಬರೆದೆ. ಅವರಿಗೆ ಬಹಳ ಸಮಾಧಾನವಾಯಿತು. ಕಾನೂನು ಪುಸ್ತಕದಲ್ಲಿ ಇಂಥ ಕಲಮು ಇನ್ನೂ ಬಂದಿಲ್ಲ.

ಹೊರಡುವಾಗ ಮಳೆ ಬರುವ ಹಾಗಿದೆ ಎಂದೆ. "ನನಗ ಮೊದ್ಲ ಗೊತ್ತಿತ್ತು," ಅಂದರು. ಬೇಕರಿಯವರು ದರ ಏರಿಸಿದ್ದಾರೆ ಎಂದೆ. "ಗೊತ್ತಿತ್ತು," ಅಂದರು. ನನ್ನ ಹುಟ್ಟೂರು ಮುಗದ ಎಂದೆ, ಅದೂ ಗೊತ್ತಿತ್ತಂತೆ. ನಾನು ಅವರಿಗೆ ಯಾವತ್ತೂ ಹೇಳಿರಲೇ ಇಲ್ಲ.

ನವೆಂಬರ್ ೧೨, ಬುಧವಾರ

ಅಯ್ಯೋ ಶಿವನೇ!

ಸ್ನಾನ ಮಾಡುವಾಗ ಹೊಳೆಯಿತು, ತಂಬಿಗೆ ಕೈಯಿಂದ ಬಿತ್ತು. ನೋಡುವವರಿಗೆ ಮೊದಲೇ ಗೊತ್ತಿದ್ದ ಸಂಗತಿ ಗುಟ್ಟಲ್ಲ. ಸರಿ. ನೋಡುವವರು ಯಾರು? ಕುಬೇರಪ್ಪನವರು. ಕುಬೇರಪ್ಪನವರಿಗೆ ಮೊದಲೇ ಗೊತ್ತಿಲ್ಲದ್ದು ಈ ಪ್ರಪಂಚದಲ್ಲಿ ಏನಿದೆ? ಅವರು ಮೋಸಗಾರರಲ್ಲ, ಅದೇ ತೊಂದರೆ. ಮೋಸಗಾರನಾದರೆ ಸುಳ್ಳು ಹೇಳುವಾಗ ಒಂದಿಷ್ಟು ತಡವರಿಸುತ್ತಾನೆ. ಇವರು ಬೀಗ ತೆಗೆದು ಒಳಗೆ ನೋಡಿದ ಕೂಡಲೇ "ಇದು ನನಗ ಮೊದ್ಲ ಗೊತ್ತಿತ್ತು" ಅನ್ನುತ್ತಾರೆ, ಅಂದದ್ದನ್ನು ತಾವೇ ನಂಬುತ್ತಾರೆ, ಕೋರ್ಟಿನಲ್ಲಿ ಪ್ರಮಾಣ ಮಾಡಿಯೂ ಹೇಳುತ್ತಾರೆ. ಗುಟ್ಟು ಬೇರೆ ಅಷ್ಟು ಸಣ್ಣದು. ಅಲ್ಲಿಗೆ ಐದನೇ ಕಲಮು ಇಡೀ ಕರಾರನ್ನು ನುಂಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಮತ್ತು ಆ ಬೇಲಿ ಹಾಕಿದವಳು ನಾನು.

ಸರ್‌ಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಮೂವತ್ತು ವರ್ಷ ಆ ಕಲಮು ಹಂಗ ಐತಿ. ಯಾರೂ ಏನೂ ಅಂದಿಲ್ಲ. ನೀ ಯಾಕ ಕೆದಕ್ತೀ?" ಅಂದರು. ಆಮೇಲೆ, ಕುರ್ಚಿ ಖಾಲಿಯೇ ಇದೆ, ಅಂದರು.

ಸರ್ ಹೇಳಿದ್ದು ಸರಿಯಿರಬೇಕು. ಮೂವತ್ತು ವರ್ಷ ಅಂದರೆ ಸಣ್ಣ ಮಾತೇ?

ನವೆಂಬರ್ ೧೩, ಗುರುವಾರ

ಆದರೂ ಆ ಕಲಮನ್ನು ಆರು ಸಲ ಬರೆದೆ. ಆರೂ ಹರಿದೆ.

ನವೆಂಬರ್ ೧೪, ಶುಕ್ರವಾರ

ಧಾರವಾಡದ ಕೋರ್ಟಿಗೆ ಹೋಗಿ ಚಿಗರಿ ಬಸ್ಸಿನಲ್ಲಿ ವಾಪಸು ಬರುವಾಗ ಏಳನೆಯದು ಬಂತು. ಟಿಕೆಟಿನ ಹಿಂದೆ ಜಾಗ ಸಾಲದೆ ಅಂಗೈ ಮೇಲೆ ಬರೆದುಕೊಂಡೆ. ಪಕ್ಕದಲ್ಲಿ ಕೂತ ಅಜ್ಜಿ, ನಾನು ಯಾವುದೋ ಹುಡುಗನ ಫೋನ್ ನಂಬರ್ ಬರೆದುಕೊಳ್ಳುತ್ತಿದ್ದೇನೆ ಎಂದುಕೊಂಡು ಮುಖ ತಿರುಗಿಸಿದರು.

"ನೋಡುವವರಿಗೆ ಮೊದಲೇ ಗೊತ್ತಿದ್ದ ಸಂಗತಿ ಎಂದರೆ, ಯಂತ್ರದ ಒಳಭಾಗವನ್ನು ನೋಡುವ ಮುಂಚೆ ಅವರು ಸ್ವಂತ ಕೈಯಿಂದ ಬರೆದು, ತಾರೀಖು ಹಾಕಿ, ಈ ಕರಾರಿಗೆ ಲಗತ್ತಿಸಿದ ಪಟ್ಟಿಯಲ್ಲಿರುವ ಸಂಗತಿ ಮಾತ್ರ. ಪಟ್ಟಿಯಲ್ಲಿ ಇಲ್ಲದ್ದು ಅವರಿಗೆ ಗೊತ್ತಿರಲಿಲ್ಲ."

ಕೊನೆಯ ವಾಕ್ಯ ಮೂರು ಸಲ ಓದಿಕೊಂಡೆ. ಖುಷಿಯಾಯಿತು. ಬೇಕರಿಯಲ್ಲಿ ಖಾರಾ ಬ್ರೆಡ್ಡು ದುಡ್ಡು ಕೊಟ್ಟು ತಿಂದೆ.

ನವೆಂಬರ್ ೧೭, ಸೋಮವಾರ

ಕುಬೇರಪ್ಪನವರಿಗೆ ಹೊಸ ಕಲಮು ಓದಿ ಹೇಳಿ, ನಿಮಗೆ ಗೊತ್ತಿದ್ದದ್ದನ್ನೆಲ್ಲ ಬರೆದು ತನ್ನಿ ಎಂದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಎದೆ ಉಬ್ಬಿಸಿಕೊಂಡು ನಕ್ಕರು. "ಕಾಗದ ಸಾಲಂಗಿಲ್ಲ ತಂಗೀ," ಅಂದು ಹೋಗುವಾಗ ಇನ್ನೂರು ಪುಟದ ನೋಟ್‌ಬುಕ್ ಕೊಂಡು ಹೋದರು.

ನವೆಂಬರ್ ೨೦, ಗುರುವಾರ

ಹತ್ತನೆಯ ಬಾಡಿಗೆ ಕರಾರು. ಕುಬೇರಪ್ಪನವರ ಪತ್ತೆಯಿಲ್ಲ. ಡಿಸೆಂಬರ್ ಒಂದಕ್ಕೆ ಹನ್ನೊಂದು ದಿನ. ಸರ್ ಅವರ ಚೇಂಬರಿನಲ್ಲಿ ಏಸಿ ಇತ್ತು.

ನವೆಂಬರ್ ೨೪, ಸೋಮವಾರ

ಪಟ್ಟಿ ಬಂತು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎರಡೂವರೆ ಪುಟ ತುಂಬಿದೆ, ನಲವತ್ತೊಂದು ಸಂಗತಿ. ಮೊದಲನೆಯದು, ಮೆಣಸಿನಕಾಯಿಗೆ ತೊಟ್ಟು ಇರುತ್ತದೆ. ಎರಡನೆಯದು, ತೊಟ್ಟು ತೆಗೆದ ಕಾಯಿಗೆ ದರ ಜಾಸ್ತಿ. ಹೀಗೇ ಇಳಿದು ಹತ್ತೊಂಬತ್ತಕ್ಕೆ ಬಂದರೆ, ಮೋಟರಿಗೆ ಕರೆಂಟು ಬೇಕು. ಇಪ್ಪತ್ತು, ಕರೆಂಟು ಹೋಗುತ್ತದೆ. ಪಾಪ, ಏಳು ದಿನ ಕೂತಿದ್ದಾರೆ. ಅಕ್ಷರಗಳು ಕೊನೆಕೊನೆಗೆ ದಣಿದು ಬಾಗಿವೆ. ನನಗೆ ನಗು ಬಂತು, ಒಂದಿಷ್ಟು ಮರುಕವೂ ಬಂತು. ಎಲ್ಲ ಗೊತ್ತಿದೆ ಎಂದು ಅರವತ್ತೈದು ವರ್ಷ ತಿರುಗಾಡಿದ ಮನುಷ್ಯನನ್ನು ಹಿಡಿದು ಕೂರಿಸಿ ಬರೆಸಿದರೆ ಹೀಗಾಗುತ್ತದೆ.

ಆಮೇಲೆ ನಲವತ್ತೊಂದನೆಯದು ಓದಿದೆ. "ಮೇಲಿನವುಗಳಲ್ಲದೆ ಯಂತ್ರದ ಒಳಗಿರುವ ಸಕಲ ಸಂಗತಿಗಳು."

ಮರುಕ ಹಾರಿಹೋಯಿತು. ಇದನ್ನು ತೆಗೆಯಿರಿ ಎಂದೆ. ತೆಗೆಯುವುದಿಲ್ಲ ಅಂದರು. ಅದು ಒಂದಿದ್ದರೆ ಉಳಿದ ನಲವತ್ತಕ್ಕೂ ಅರ್ಥವಿಲ್ಲ ಎಂದೆ. ಗೊತ್ತೈತಿ, ಅಂದರು! ಅದು ಇರದಿದ್ದರೆ ಐವತ್ತು ಯಂತ್ರದ ಮಾತೂ ಇರುವುದಿಲ್ಲ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ನವೆಂಬರ್ ೨೬, ಬುಧವಾರ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕಾಸಿಮಸಾಬ ಚಾಚಾ ಬಂದು, ಹೋಗಲಿ ಬಿಡ್ರಿ ಅಕ್ಕಾರ, ಸಹಿ ಮಾಡಿಬಿಡೋಣ ಅನ್ನುತ್ತಾರೆ. ಕುಬೇರಪ್ಪನವರು ದೇವರಂಥ ಮನುಷ್ಯರಂತೆ. ಒಂದು ಸಾಲಿಗಾಗಿ ದೊಡ್ಡವರ ಮನಸ್ಸು ಮುರಿಯಬಾರದಂತೆ. ಏಳು ವರ್ಷ ಕಾದವರಿಗೆ ಇನ್ನು ಕಾಯುವ ಶಕ್ತಿಯಿಲ್ಲವಂತೆ.

ನನಗೆ ಎಲ್ಲಿತ್ತೋ ಸಿಟ್ಟು. ನನ್ನ ತಂದೆಯ ವಯಸ್ಸಿನವರು ಎನ್ನುವುದನ್ನೂ ಮರೆತು ಹರಿಹಾಯ್ದೆ. ಈ ಸಾಲು ಇಟ್ಟುಕೊಂಡು ಬೀಗ ತೆಗೆದರೆ ನೀವು ಕಟ್ಟಿದ್ದು ಯಂತ್ರ ಅಲ್ಲ, ಎಪಿಎಂಸಿಗೆ ದಾನ ಕೊಟ್ಟ ಸಾಮಾನು, ಅದಕ್ಕೆ ಸಾಕ್ಷಿ ಹಾಕಲು ನಾನು ಬೇಕಾಗಿಲ್ಲ, ಬೇರೆ ವಕೀಲರನ್ನು ನೋಡಿಕೊಳ್ಳಿ ಎಂದೆ. ಇದ್ದ ಒಬ್ಬರೇ ಕಕ್ಷಿದಾರರನ್ನು ಓಡಿಸುವ ವಕೀಲೆ ಹುಬ್ಬಳ್ಳಿ-ಧಾರವಾಡದಲ್ಲಿ ನಾನೊಬ್ಬಳೇ ಇರಬೇಕು.

ಚಾಚಾ ತಲೆ ತಗ್ಗಿಸಿದರು. ಜೊತೆಗೆ ಬಂದಿದ್ದ ಚಾಚಿ ಗಂಡನ ಕಡೆ ನೋಡದೆ ನನಗೆ ಹೇಳಿದರು: "ಒಳಗಿಂದೆಲ್ಲಾ ಅವರಿಗೆ ಗೊತ್ತಿದ್ರ ನಮ್ಮ ಮನೀಗೆ ಯಾಕ ಬರಾಕತ್ತಾರ್ರಿ? ಕೀಲಿ ನನ್ನ ಹಂತ್ಯಾಕ ಐತಿ. ನೀವು ಹೂಂ ಅನ್ನೂತನಕ ನಾ ಕೊಡಂಗಿಲ್ಲ."

ಹೋಗುವಾಗ ಚಾಚಾ ನನಗೆ ಸಲಾಂ ಮಾಡಿದರು. ಬೈಸಿಕೊಂಡವರು ಸಲಾಂ ಮಾಡಿದರೆ ಏನು ಮಾಡಬೇಕು ಎಂದು ಯಾರೂ ಕಲಿಸಿಲ್ಲ.

ಡಿಸೆಂಬರ್ ೨, ಮಂಗಳವಾರ

ಎಲ್ಲರನ್ನೂ ಕೊನೆಯ ಸಲ ಎಂದು ಕರೆಸಿದ್ದೆ. ಕುಬೇರಪ್ಪನವರ ಜೊತೆ ಸಂಗವ್ವನವರೂ ಬಂದರು, ಹೆಂಡತಿಗೆ ಹೇಳಬಹುದೆಂಬ ವಿನಾಯಿತಿಗೆ ಅವರ ಸಹಿ ಬೇಕಿತ್ತಲ್ಲ. ಆಫೀಸಿನಲ್ಲಿರುವುದು ನಾಲ್ಕು ಕುರ್ಚಿ. ನಾನು ಸ್ಟೂಲಿನ ಮೇಲೆ ಕೂತೆ.

ಸಹಿ ಇಲ್ಲಿ ಎಂದು ತೋರಿಸಿದೆ. ಸಂಗವ್ವನವರು ಪೆನ್ನು ಬದಿಗಿಟ್ಟು, ಪೂರ್ತಿ ಓದಬೇಕು ಎಂದು ಬರೆದಿದ್ದೀರಲ್ಲ, ಓದುತ್ತೇನೆ ಅಂದರು. ಮೂಗಿನ ಮೇಲೆ ಚಾಳೀಸು ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಓದಿದರು. ಮುಕ್ಕಾಲು ತಾಸು. ಕರೆಂಟು ಹೋಗುತ್ತದೆ ಎಂಬಲ್ಲಿ ಮುಸಿಮುಸಿ ನಕ್ಕರು. ನಲವತ್ತೊಂದಕ್ಕೆ ಬಂದು ಬೆರಳು ನಿಂತಿತು.

"ಒಳಗೇನೈತಿ, ನಿಮಗ ಗೊತ್ತೈತೇನ್ರಿ?" ಎಂದು ಗಂಡನನ್ನು ಕೇಳಿದರು.

"ಗೊತ್ತಿದ್ದಂಗ," ಅಂದರು ಕುಬೇರಪ್ಪನವರು.

"ಗೊತ್ತಿದ್ದಂಗ ಬ್ಯಾರೆ, ಗೊತ್ತಿರೂದು ಬ್ಯಾರೆ. ಸುಳ್ಳು ಕಾಗದಕ್ಕ ನಾ ಸಹಿ ಹಾಕಂಗಿಲ್ಲ. ನಾ ಹಾಕಲಿಲ್ಲಂದ್ರ ನೀವು ಅಲ್ಲಿ ನೋಡಿದ್ದು ನನ್ನ ಮುಂದ ಹೇಳಂಗಿಲ್ಲ. ಹಂಗಂತ ಇಲ್ಲೇ ಬರದಾರ."

ಕುಬೇರಪ್ಪನವರು ನನ್ನ ಕಡೆ ನೋಡಿದರು. ಹೌದು, ಐದನೇ ಕಲಮಿನ ಎರಡನೆಯ ಭಾಗ ಎಂದೆ. ಅವರು ಕಿಟಕಿಯ ಹೊರಗೆ ನೋಡಿದರು. ಜನ್ಮದಲ್ಲೇ ಮೊದಲ ಸಲ ಒಂದು ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಊಟಕ್ಕೆ ಕೂರುವುದು ಹೇಗೆ ಎಂದು ಯೋಚಿಸುತ್ತಿದ್ದರೆಂದು ಕಾಣುತ್ತದೆ. ಕೊನೆಗೆ ಪೆನ್ನು ಕೇಳಿ ಇಸಿದುಕೊಂಡು ನಲವತ್ತೊಂದನ್ನು ತಾವೇ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರು. ಆಮೇಲೆ ಎಲ್ಲರೂ ಎಲ್ಲ ಪುಟಕ್ಕೂ ಸಹಿ ಮಾಡಿದರು. "ಕರಡು ತಯಾರಿಸಿದವರು" ಎಂಬಲ್ಲಿ ನಾನು ಮಾಡಿದೆ. ಶಾಯಿ ಒಣಗುವ ತನಕ ಕಾಗದ ಹಾರದಿರಲಿ ಎಂದು ಫ್ಯಾನು ಆರಿಸಿದರೆ ಎಲ್ಲರೂ ಬೆವತರು.

ನಡುವೆ ಸರ್ ಎರಡು ಸಲ ಫೋನು ಮಾಡಿದ್ದರು. ಗಡಿಬಿಡಿಯಲ್ಲಿ ಎತ್ತಲಾಗಲಿಲ್ಲ. ಏನು ಕೆಲಸವಿತ್ತೋ, ನಾಳೆಯೋ ನಾಡಿದ್ದೋ ಕೇಳಿದರಾಯಿತು.

ಡಿಸೆಂಬರ್ ೪, ಗುರುವಾರ

ಬೆಳಿಗ್ಗೆ ಗಬ್ಬೂರಿನ ಶೆಡ್ಡು. ಚಾಚಾ ಬಾಗಿಲು ಎಳೆದುಕೊಂಡರು. ಒಳಗೆ ನಾವು ಐದೇ ಜನ. ಚಾಚಾ ಹೊಸ ಅಂಗಿ ಹಾಕಿದ್ದರು, ಗುಂಡಿ ಒಂದು ಮನೆ ತಪ್ಪಿತ್ತು. ಮೊದಲು ಯಂತ್ರ ಓಡಿಸಿದರು. ಒಂದು ಬುಟ್ಟಿ ಮೆಣಸಿನಕಾಯಿ ಈ ಕಡೆ ಹೋಗಿ ಆ ಕಡೆ ಬೋಳಾಗಿ ಬಂತು, ಒಂದೂ ಒಡೆದಿರಲಿಲ್ಲ. ಎಲ್ಲರೂ ಸೀನಿದೆವು. ಆಮೇಲೆ ಚಾಚಿ ನನ್ನ ಮುಖ ನೋಡಿದರು. ನಾನು ಹೂಂ ಅಂದೆ. ಅವರು ಬೀಗ ತೆಗೆದು ತಗಡು ಸರಿಸಿದರು.

ಒಳಗೆ ಏನಿತ್ತು ಎಂದು ಇಲ್ಲಿ ಬರೆಯುವಂತಿಲ್ಲ. ನಾನೂ ಸಹಿ ಮಾಡಿದ್ದೇನೆ, ಮತ್ತು ಎಲ್ಲರಿಗೂ ವಿನಾಯಿತಿ ಬರೆದ ನಾನು ನನ್ನ ದಿನಚರಿಗೆ ಬರೆದುಕೊಳ್ಳಲು ಮರೆತೆ. ಇಷ್ಟು ಹೇಳಬಹುದು, ಅದು ನಿಜಕ್ಕೂ ಬಹಳ ಸಣ್ಣದು. ನೋಡಿದ ಕೂಡಲೇ ನನಗೇ ಅನ್ನಿಸಿತು, ಅಯ್ಯೋ, ಇದು ಗೊತ್ತಿದ್ದದ್ದೇ ಅಲ್ಲವೇ ಎಂದು.

ಕುಬೇರಪ್ಪನವರು ಮೊಣಕಾಲೂರಿ ಕೂತು ನೋಡಿದರು. ಕತ್ತು ಆ ಕಡೆ ವಾಲಿಸಿ, ಈ ಕಡೆ ವಾಲಿಸಿ ನೋಡಿದರು. ಮುಖದಲ್ಲಿ ಆ ಕಳೆ ಬಂತು, ಮಳೆ ಬರುತ್ತದೆ ಎಂದಾಗ ಬಂದದ್ದೇ. "ಇದು ನನಗ ಮೊದ್ಲ..." ಎಂದು ಶುರುಮಾಡಿದರು. ಚಾಚಾ ಗೋಡೆ ಹಿಡಿದುಕೊಂಡರು. ನಾನು ಚೀಲದಲ್ಲಿದ್ದ ಪಟ್ಟಿಯ ಮೇಲೆ ಕೈಯಿಟ್ಟೆ.

ಕುಬೇರಪ್ಪನವರು ನಿಲ್ಲಿಸಿದರು. ಮತ್ತೊಮ್ಮೆ ಒಳಗೆ ನೋಡಿದರು. ಆಮೇಲೆ ರಸೂಲಬಿಯವರ ಬೆರಳುಗಳನ್ನು ನೋಡಿದರು.

"ಇದು ನನಗ ಗೊತ್ತಿದ್ದಿಲ್ಲ," ಅಂದರು.

ಚಾಚಾ ಅಲ್ಲೇ ಚೀಲದ ಮೇಲೆ ಕುಸಿದು ಕೂತು ಅತ್ತುಬಿಟ್ಟರು. ಮೆಣಸಿನಕಾಯಿ ಘಾಟು ಅಂದರು. ನನಗೂ ಘಾಟು ಹತ್ತಿತು.

ಸಂಗವ್ವನವರು ಗಂಡನ ಕಡೆ ನೋಡುತ್ತ ನಿಂತವರು ನನ್ನ ಕಡೆ ತಿರುಗಿದರು. "ವಕೀಲರ, ಇದನ್ನ ಬರಕೋರಿ. ತಾರೀಖು, ವ್ಯಾಳ್ಯಾ ಎಲ್ಲಾ ಹಾಕಿ ಬರಕೋರಿ. ನಲವತ್ತು ವರ್ಷ ಬಾಳೇವು ಮಾಡೇನಿ, ಈ ಮಾತು ನಾ ಇವತ್ತ ಕೇಳಿದ್ದು."

ಪಟ್ಟಿಯ ಕೊನೆಯಲ್ಲಿ, ಹೊಡೆದುಹಾಕಿದ ಸಾಲಿನ ಕೆಳಗೆ ಜಾಗವಿತ್ತು. ಯಂತ್ರದ ಒಳಭಾಗವನ್ನು ಇಂದು ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ನೋಡಿದೆನು, ಅದು ನನಗೆ ಮೊದಲು ಗೊತ್ತಿರಲಿಲ್ಲ, ಎಂದು ಬರೆದು ಅವರ ಮುಂದೆ ಹಿಡಿದೆ. ಕುಬೇರಪ್ಪನವರು ಎರಡು ಸಲ ಓದಿದರು. ಯಂತ್ರದ ತಗಡಿನ ಮೇಲೆ ಕಾಗದ ಇಟ್ಟುಕೊಂಡು, ನಿಧಾನವಾಗಿ, ಪೂರ್ತಿ ಹೆಸರು ಬರೆದು ಸಹಿ ಮಾಡಿದರು.